ಮನೆಯ ನಾಯಿಗೆ ಮನೆಯದೇ ಊಟ

(ಮಲ್ಲಸಮುದ್ರದ ರೈತ ಬಾಂಧವರ ಮುಂದೆ ಮಾಡಿದ ಭಾಷಣ)



ಎತ್ತು, ಆಕಳು, ಎಮ್ಮೆ, ಕುರಿ, ಕೋಳಿಗಳ ಆಹಾರದ ಬಗೆಗೆ ಇಂತಹ ಸಭೆಗಳಲ್ಲಿ ಎಷ್ಟೋ ಸಲ ಮಾತುಗಳಾಗಿವೆ. ಎತ್ತಿಗೆ ಕಣಿಕೆ ಎಷ್ಟು, ಕರೆಯುವ ಆಕಳಿಗೆ ಹಿಂಡಿ ಎಷ್ಟು ಎಂಬುದನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅದೇ ಮನೆಯ ಬಾಗಿಲಲ್ಲಿ ಮಲಗಿ, ರಾತ್ರಿಯೆಲ್ಲ ಎಚ್ಚರವಿದ್ದು, ಬೆಳಗಾದರೆ ಬಂಡಿಯ ಹಿಂದೆ ಹೊಲಕ್ಕೆ ಬರುವ ನಾಯಿಗೆ ಏನು ಹಾಕುತ್ತೀರಿ ಎಂದು ಕೇಳಿದರೆ, ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ಒಂದೇ: ‘ಉಳಿದದ್ದನ್ನು ಹಾಕುತ್ತೇವೆ.’

ಇಂದಿನ ನನ್ನ ಮಾತು ಆ ‘ಉಳಿದದ್ದ’ರ ಕುರಿತಾಗಿಯೇ ಇದೆ. ಉಳಿದದ್ದರಲ್ಲಿ ಏನೇನು ಇರುತ್ತದೆ? ಖಾರ, ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಗಿದ ರೊಟ್ಟಿಯ ತುಣುಕು, ಬೇಯಿಸಿದ ಎಲುಬು. ಇವುಗಳಲ್ಲಿ ಕೆಲವು ನಾಯಿಗೆ ನಿರುಪಯುಕ್ತ, ಕೆಲವು ವಿಷ. ಆದುದರಿಂದ ನಾನು ತಮ್ಮಲ್ಲಿ ಬೇಡುವುದು ಇಷ್ಟೇ. ನಾಯಿಯ ಪಾಲನ್ನು ಉಂಡು ಉಳಿದುದರಲ್ಲಿ ಹುಡುಕಬೇಡಿರಿ. ಒಗ್ಗರಣೆ ಹಾಕುವ ಮುಂಚೆಯೇ ಗಡಿಗೆಯಿಂದ ತೆಗೆದಿಡಿರಿ. ಅದಕ್ಕೆ ಬೇರೆ ಒಲೆ ಬೇಡ, ಬೇರೆ ಅಡಿಗೆಯವರು ಬೇಡ. ಹೊತ್ತು ಹಿಡಿಯುವುದೂ ಸ್ವಲ್ಪವೇ.

ನಾಯಿಗೆ ಇಷ್ಟೆಲ್ಲ ಏಕೆ?

ಈ ಪ್ರಶ್ನೆ ಸಹಜವಾದುದು. ‘ನಮಗೇ ಹೊತ್ತಿಗೆ ಸರಿಯಾಗಿ ಊಟವಿಲ್ಲ, ನಾಯಿಗೆ ಅಳತೆಯ ಅಡಿಗೆಯೇ?’ ಎಂದು ಯಾರಾದರೂ ಅಂದರೆ ತಪ್ಪೆಣಿಸಲಾರೆ. ಅದಕ್ಕೆ ನನ್ನ ಉತ್ತರ ಎರಡು ವಿಧ.

ಮೊದಲನೆಯದು, ನಮ್ಮ ಸೀಮೆಗೆ ನಾಯಿ ಹೊರಗಿನದಲ್ಲ. ತುಂಗಭದ್ರೆಯ ಆಚೆಯ ಮೈಲಾರದ ಗೊರವರನ್ನು ತಾವು ಬಲ್ಲಿರಿ. ಅವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಭಾವಿಸಿ, ದೋಣಿ ಸೇವೆಯಲ್ಲಿ ದೋಣಿಗೆ ಬಾಯಿ ಹಚ್ಚಿ ಪ್ರಸಾದ ಉಣ್ಣುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವನ್ನು 2005ರಲ್ಲಿ ಭಾರತದ ಅಂಚೆ ಇಲಾಖೆ ತನ್ನ ಚೀಟಿಯ ಮೇಲೆ ಅಚ್ಚು ಹಾಕಿತು. ಆ ತಳಿಯ ಸಂರಕ್ಷಣೆಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಒಂದು ಸಂಶೋಧನಾ ಕೇಂದ್ರವೇ ಇದೆ. ಮುಧೋಳ ನಾಯಿ ಎತ್ತರದ ನಾಯಿ. ನಮ್ಮ ಹೆಚ್ಚಿನ ಮನೆಗಳಲ್ಲಿ ಇರುವುದು ಸಣ್ಣ ನಾಯಿ. ಆದರೆ ಕಾವಲಿನ ಕೆಲಸದಲ್ಲಿ ಸಣ್ಣದು ದೊಡ್ಡದು ಎಂಬ ಭೇದವಿಲ್ಲ.

ಎರಡನೆಯ ಉತ್ತರ ಇನ್ನೂ ಮುಖ್ಯವಾದುದು. ನಾಯಿಯ ಹೊಟ್ಟೆಗೆ ಹೋಗುವುದು ನಮ್ಮ ಕುರಿಯ ಹೊಟ್ಟೆಗೂ, ಕಡೆಗೆ ನಮ್ಮ ಮಕ್ಕಳ ಹೊಟ್ಟೆಗೂ ಸಂಬಂಧಪಟ್ಟದ್ದು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಅಡಿಗೆಯ ಮಾತು.

ರೊಟ್ಟಿ ಒಂದೇ ಸಾಲದು

ನಾಯಿ ತೋಳದ ಕುಲದ ಪ್ರಾಣಿ. ಆದರೆ ಸಾವಿರಾರು ವರ್ಷ ಮನುಷ್ಯನ ಜೊತೆಗೆ ಬಾಳಿದುದರಿಂದ ಬೇಯಿಸಿದ ಕಾಳುಕಡಿಯನ್ನು ಅರಗಿಸುವ ಶಕ್ತಿ ತೋಳಕ್ಕಿಂತ ನಾಯಿಗೆ ಹೆಚ್ಚಾಗಿ ಬಂದಿದೆ. ಇದನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಆದುದರಿಂದ ನಾಯಿಗೆ ಜೋಳ ಹಾಕಕೂಡದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಚೆನ್ನಾಗಿ ಬೆಂದ ಜೋಳದ ನುಚ್ಚು, ಅಕ್ಕಿ, ಸಜ್ಜೆ ಇವೆಲ್ಲ ನಾಯಿಗೆ ಸಲ್ಲುತ್ತವೆ.

ಆದರೆ ಜೋಳವೊಂದರಿಂದಲೇ ನಾಯಿಯ ಮೈ ಬೆಳೆಯಲಾರದು. 5 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 350ರಿಂದ 400 ಕ್ಯಾಲೊರಿ ಶಕ್ತಿ ಬೇಕು. ಎರಡು ದೊಡ್ಡ ಜೋಳದ ರೊಟ್ಟಿ ತಿಂದರೆ ಹೆಚ್ಚುಕಡಿಮೆ ಅಷ್ಟು ಶಕ್ತಿ ಬಂದುಬಿಡುತ್ತದೆ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮಾಂಸಖಂಡ ಕಟ್ಟುವ ಸಾರಜನಕದ ಅಂಶ, ಅಂದರೆ ಪ್ರೋಟೀನು, ಜೋಳದಲ್ಲಿ ಕಡಿಮೆ; ಇದ್ದುದೂ ಅಪೂರ್ಣ. ಎಲುಬಿಗೆ ಬೇಕಾದ ಸುಣ್ಣದ ಅಂಶ ಬಹಳ ಕಡಿಮೆ. ಕೂದಲು ಉದುರುವುದು, ಚರ್ಮ ಒಡೆಯುವುದು, ಮರಿಗಳ ಮುಂಗಾಲು ಸೊಟ್ಟಗಾಗುವುದು ಇವುಗಳ ಹಿಂದೆ ಅನೇಕ ಸಲ ಇರುವುದು ಈ ಕೊರತೆಯೇ.

ನಾಯಿಯ ತಾಟಿನಲ್ಲಿ ಐದು ಬಗೆಯ ಪದಾರ್ಥಗಳಿರಬೇಕು: ಬೆಂದ ಧಾನ್ಯ; ಮಾಂಸ, ತತ್ತಿ ಅಥವಾ ಬೇಳೆ; ಸ್ವಲ್ಪ ಕಾಯಿಪಲ್ಯ; ಸ್ವಲ್ಪ ಎಣ್ಣೆ; ಮತ್ತು ಎಲುಬಿಗಾಗಿ ಸುಣ್ಣದ ಅಂಶ. ಇವೆಲ್ಲವೂ ನಮ್ಮ ಮನೆಯಲ್ಲಿ, ಹಿತ್ತಲಲ್ಲಿ, ಸಂತೆಯಲ್ಲಿ ದೊರೆಯುವಂತಹವೇ.

ಅಳತೆ ಮತ್ತು ಅಡಿಗೆ

ಮೊದಲು ನಾಯಿಯ ತೂಕ ತಿಳಿಯಿರಿ. ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿರಿ. ಬಳಿಕ ಒಬ್ಬರೇ ನಿಲ್ಲಿರಿ. ಎರಡರ ವ್ಯತ್ಯಾಸವೇ ನಾಯಿಯ ತೂಕ. ಮುಂದೆ ಕೊಡುವ ಅಳತೆಗಳು 5 ಕಿಲೋ ತೂಕದ, ಆರೋಗ್ಯವಂತ, ಬೆಳೆದ ನಾಯಿಯ ಒಂದು ದಿನದ ಲೆಕ್ಕ. ಇದನ್ನು ಬೆಳಿಗ್ಗೆ ಒಂದು ಭಾಗ, ಸಂಜೆ ಒಂದು ಭಾಗ ಕೊಡತಕ್ಕದ್ದು.

ಮಾಂಸ ಬೇಯಿಸುವ ಮನೆಯಲ್ಲಿ: ಜೋಳದ ನುಚ್ಚು 40 ಗ್ರಾಂ, ಹೆಸರುಬೇಳೆ 15 ಗ್ರಾಂ, ಎಲುಬು ಬಿಡಿಸಿದ ಕೋಳಿಯ ಮಾಂಸ 100 ಗ್ರಾಂ, ಕುಂಬಳಕಾಯಿ, ಗಜ್ಜರಿ ಅಥವಾ ಹೀರೇಕಾಯಿ 40 ಗ್ರಾಂ, ಕುಸುಬೆ ಇಲ್ಲವೆ ಶೇಂಗಾ ಎಣ್ಣೆ ಒಂದು ಚಹಾ ಚಮಚ, ತತ್ತಿಯ ಸಿಪ್ಪೆಯ ಪುಡಿ ಕಾಲು ಚಹಾ ಚಮಚ.

ಮಾಂಸವಿಲ್ಲದ, ತತ್ತಿ ಬಳಸುವ ಮನೆಯಲ್ಲಿ: ಜೋಳದ ನುಚ್ಚು 35 ಗ್ರಾಂ, ಹೆಸರುಬೇಳೆ 30 ಗ್ರಾಂ, ಬೇಯಿಸಿದ ತತ್ತಿ ಒಂದು, ಮೊಸರು 100 ಗ್ರಾಂ, ಕಾಯಿಪಲ್ಯ 40 ಗ್ರಾಂ, ಎಣ್ಣೆ ಅರ್ಧ ಚಹಾ ಚಮಚ, ಸಿಪ್ಪೆಯ ಪುಡಿ ಕಾಲು ಚಹಾ ಚಮಚ.

ಧಾನ್ಯ, ಬೇಳೆ, ಮಾಂಸಗಳ ಈ ತೂಕ ಬೇಯಿಸುವ ಮುಂಚಿನದು.

ಮಾಡುವ ಕ್ರಮ ಸುಲಭವಾಗಿದೆ. ನುಚ್ಚನ್ನೂ ಬೇಳೆಯನ್ನೂ ತೊಳೆದು, ಕೆಲಹೊತ್ತು ನೆನೆಯಿಟ್ಟು, ಸಾಕಷ್ಟು ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿರಿ. ಬೆರಳಿನಿಂದ ಒತ್ತಿದರೆ ಕಾಳು ಮಸೆದುಹೋಗಬೇಕು. ಅರೆಬೆಂದ ಕಾಳು ನಾಯಿಯ ಹೊಟ್ಟೆಯಿಂದ ಹಾಗೆಯೇ ಹೊರಬೀಳುತ್ತದೆ. ಅರ್ಧ ಬೆಂದಾಗ ಸಣ್ಣಗೆ ಹೆಚ್ಚಿದ ಮಾಂಸವನ್ನೂ ಕಾಯಿಪಲ್ಯವನ್ನೂ ಹಾಕಿರಿ. ಇಳಿಸಿದ ಮೇಲೆ ಎಣ್ಣೆಯನ್ನೂ ಸಿಪ್ಪೆಯ ಪುಡಿಯನ್ನೂ ಕಲಸಿರಿ. ಅಯೋಡಿನ್ ಉಪ್ಪನ್ನು ಒಂದು ಸಣ್ಣ ಚಿಟಿಕೆಯಷ್ಟು ಮಾತ್ರ ಹಾಕಬಹುದು. ಖಾರ, ಮಸಾಲೆ, ಬೆಲ್ಲ ಯಾವುದೂ ಬೇಡ. ಉಗುರುಬೆಚ್ಚಗೆ ಆರಿದ ಮೇಲೆ ಬಡಿಸಿರಿ.

ತತ್ತಿಯ ಸಿಪ್ಪೆಯ ಪುಡಿ ಮಾಡುವುದು ಹೀಗೆ. ಸಿಪ್ಪೆಗಳನ್ನು ಎಸೆಯದೆ ಕೂಡಿಸಿಡಿರಿ. ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಹಿಟ್ಟಿನ ಹಾಗೆ ನುಣ್ಣಗೆ ಕುಟ್ಟಿ, ಅರಿವೆಯಲ್ಲಿ ಸೋಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಿರಿ. ಆ ಸಿಪ್ಪೆಯಲ್ಲಿ ಹೆಚ್ಚುಪಾಲು ಶುದ್ಧ ಸುಣ್ಣದ ಅಂಶವೇ ಇದೆ. ಬೇಯಿಸಿದ ಎಲುಬಿನಿಂದ ನಾಯಿಗೆ ಸುಣ್ಣ ಸಿಗುತ್ತದೆಂದು ನಂಬಿ ಎಲುಬು ಹಾಕುವವರು ಈ ಪುಡಿಯನ್ನು ಬಳಸಿ ನೋಡಿರಿ. ಬೆಂದ ಎಲುಬು ಮುಳ್ಳಿನಂತೆ ಸೀಳಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕರುಳನ್ನು ತೂತು ಮಾಡುವುದೂ ಉಂಟು.

ಮಾಂಸ ತಿನ್ನುವ ನಾಯಿಗೆ ವಾರಕ್ಕೊಮ್ಮೆ 20 ಗ್ರಾಂನಷ್ಟು ಚೆನ್ನಾಗಿ ಬೇಯಿಸಿದ ಕಲೀಜವನ್ನು ಕೊಟ್ಟರೆ ಒಳ್ಳೆಯದು. ಅದಕ್ಕಿಂತ ಹೆಚ್ಚು ಬೇಡ. ತತ್ತಿಯನ್ನೂ ಮುಟ್ಟದ ಮನೆಗಳವರು ಬೇಳೆ, ಮೊಸರುಗಳಿಂದ ನಾಯಿಯನ್ನು ಸಾಕಬಹುದು. ಬೆಕ್ಕಿನಂತೆ ನಾಯಿಗೆ ಮಾಂಸ ಇಲ್ಲದೆ ಆಗದೆಂದೇನೂ ಇಲ್ಲ. ಆದರೆ ಅಂತಹ ಊಟದಲ್ಲಿ ಕೊರತೆಗಳು ಬೇಗ ಬರುತ್ತವೆ. ಮೊದಲೇ ಪಶುವೈದ್ಯರನ್ನು ಕಂಡು ಕ್ರಮ ಕೇಳಿಕೊಳ್ಳುವುದು ಲೇಸು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಷ್ಟೇ ಜಾಗರೂಕತೆಯಿಂದ ಮಾಡಿದರೂ ಮನೆಯ ಊಟದಲ್ಲಿ ಸತು, ತಾಮ್ರ, ಡಿ ಮತ್ತು ಇ ಜೀವಸತ್ವಗಳು ಕಡಿಮೆ ಬೀಳುತ್ತವೆ. ಇದಕ್ಕಾಗಿ ನಾಯಿಗಳಿಗೆಂದೇ ತಯಾರಾದ ಲವಣ-ಜೀವಸತ್ವಗಳ ಪುಡಿ ದೊರೆಯುತ್ತದೆ. ವೈದ್ಯರು ಹೇಳಿದ ಅಳತೆಯಲ್ಲಿ ಕೊಡಿರಿ. ಆಕಳಿಗೆ ತಂದ ಲವಣ ಮಿಶ್ರಣವನ್ನು ಕೈಗೆ ಬಂದಷ್ಟು ಹಾಕಕೂಡದು.

10 ಕಿಲೋ ತೂಕದ ನಾಯಿಗೆ ಮೇಲಿನದರ ಎರಡರಷ್ಟು ಬೇಕಾಗುವುದಿಲ್ಲ. ಒಂದೂ ಮುಕ್ಕಾಲು ಪಟ್ಟು ಸಾಕು. ಊಟ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಕೈಯೇ ಹೇಳುತ್ತದೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬುಗಳು ಕೈಗೆ ಹತ್ತಬೇಕು, ಕಣ್ಣಿಗೆ ಎದ್ದು ಕಾಣಬಾರದು. ಎಲುಬು ಎದ್ದು ಕಂಡರೆ ಊಟ ಹೆಚ್ಚಿಸಿರಿ. ಕೈಗೇ ಹತ್ತದಿದ್ದರೆ ಕಡಿಮೆ ಮಾಡಿರಿ. ಹೊಸ ಊಟವನ್ನು ಒಮ್ಮೆಲೇ ಹಾಕದೆ, ಒಂದು ವಾರದಲ್ಲಿ ಹಳೆಯದರ ಜೊತೆಗೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬಂದರೆ ಹೊಟ್ಟೆ ಕೆಡುವುದಿಲ್ಲ.

ಮರಿಗಳ ಮಾತೇ ಬೇರೆ. ಬೆಳೆಯುವ ಮರಿಗೆ ಅದರ ತೂಕಕ್ಕೆ ಹೋಲಿಸಿದರೆ ಬೆಳೆದ ನಾಯಿಯ ಎರಡರಷ್ಟು ಆಹಾರ ಬೇಕು. ಅದರ ಹೊಟ್ಟೆಯೋ ಚಿಕ್ಕದು. ಆದುದರಿಂದ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ ಉಣಿಸಿರಿ. ಹಾಲು-ರೊಟ್ಟಿ ಒಂದರ ಮೇಲೆಯೇ ಮರಿಯನ್ನು ಬೆಳೆಸಬೇಡಿರಿ. ಆಕಳ ಹಾಲು ತಾಯಿ ನಾಯಿಯ ಹಾಲಿಗಿಂತ ಬಹಳ ತೆಳ್ಳಗಿನದು. ಅನೇಕ ನಾಯಿಗಳಿಗೆ ಅದರಿಂದ ಭೇದಿಯೂ ಆಗುತ್ತದೆ. ಮರಿಗೆ ಸುಣ್ಣದ ಅಂಶ ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಅದರ ಅಳತೆಯನ್ನು ಪಶುವೈದ್ಯರಿಂದಲೇ ತಿಳಿಯತಕ್ಕದ್ದು. ಮರಿ ಹಾಕಿ ಹಾಲೂಡುವ ನಾಯಿಗೆ ಎಂದಿನ ಎರಡು-ಮೂರು ಪಟ್ಟು ಊಟ ಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿರಿ.

ಹಾಕಕೂಡದ ಪದಾರ್ಥಗಳು

ಉಳ್ಳಾಗಡ್ಡಿ ನಮ್ಮ ಜಿಲ್ಲೆಯ ದೊಡ್ಡ ಬೆಳೆ. ನಮಗೆ ಅದು ಲಕ್ಷ್ಮಿ, ನಾಯಿಗೆ ವಿಷ. ಅದು ನಾಯಿಯ ರಕ್ತದಲ್ಲಿರುವ ಕೆಂಪು ಕಣಗಳನ್ನು ಒಡೆಯುತ್ತದೆ. 5 ಕಿಲೋ ತೂಕದ ನಾಯಿಗೆ ಅಪಾಯವಾಗಲು ಒಂದು ನಡುಗಾತ್ರದ ಗಡ್ಡೆ ಸಾಕು. ಬೇಯಿಸಿದರೂ ಹುರಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಒಮ್ಮೆಗೇ ತಿನ್ನಬೇಕೆಂದೇನೂ ಇಲ್ಲ. ದಿನವೂ ಸಾರಿನಲ್ಲಿ ಪಲ್ಯದಲ್ಲಿ ಸ್ವಲ್ಪ ಸ್ವಲ್ಪ ಹೋದರೂ ರಕ್ತ ಕಡಿಮೆಯಾಗುತ್ತ ಬರುತ್ತದೆ. ಲಕ್ಷಣಗಳು ಕಾಣಲು ಕೆಲವು ದಿನಗಳೇ ಬೇಕಾಗುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ವಸಡು ಬಿಳುಚಿಕೊಂಡು, ಮೂತ್ರ ಕೆಂಪಾಗಿ ಅಥವಾ ಕಂದಾಗಿ, ನಾಯಿ ಏದುಸಿರು ಬಿಡುತ್ತ ಮಲಗಿದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ಬಳ್ಳೊಳ್ಳಿ ಇದಕ್ಕಿಂತಲೂ ತೀಕ್ಷ್ಣವಾದುದು. ಒಗ್ಗರಣೆಗೆ ಮುಂಚೆಯೇ ನಾಯಿಯ ಪಾಲನ್ನು ತೆಗೆಯಿರೆಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಬೂಸ್ಟು ಹಿಡಿದ ಶೇಂಗಾ, ಗೋವಿನಜೋಳ, ಹಿಂಡಿ, ರೊಟ್ಟಿಗಳು ಎರಡನೆಯ ಶತ್ರು. ‘ಮನುಷ್ಯರು ತಿನ್ನುವ ಹಾಗಿಲ್ಲ, ನಾಯಿಗಾದರೂ ಆಗಲಿ’ ಎಂದು ಹಾಕುವುದು ರೂಢಿ. ಆ ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ನಾಯಿಯ ಯಕೃತ್ತನ್ನು ಹಾಳುಮಾಡಿ ಕೊಲ್ಲುತ್ತದೆ. ಬೇಯಿಸಿದರೂ ಅದು ಪೂರ್ತಿ ನಾಶವಾಗದು. ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡ ಕೆಡುತ್ತದೆ. ಚಾಕೊಲೇಟು, ಚಹಾ, ಕಾಫಿ ಹಾಕಕೂಡದು. ಮಕ್ಕಳಿಗೆ ಇದನ್ನು ತಿಳಿಸಿ ಹೇಳಿರಿ. ಅವರು ಪ್ರೀತಿಯಿಂದಲೇ ಕೊಟ್ಟುಬಿಡುತ್ತಾರೆ.

ತಾಟಿನ ಮಾತೂ ಉಂಟು. ಬೆಳೆಗೆ ಹೊಡೆಯುವ ಔಷಧದ ಖಾಲಿ ಡಬ್ಬಿಯನ್ನು ಕತ್ತರಿಸಿ ನಾಯಿಗೆ ನೀರಿಡುವುದು ಹೊಲಗಳಲ್ಲಿ ಕಾಣುತ್ತದೆ. ಎಷ್ಟು ತೊಳೆದರೂ ಅದರಲ್ಲಿ ವಿಷ ಉಳಿದಿರುತ್ತದೆ. ಒಂದು ಮಣ್ಣಿನ ಪರಟೆಯಾಗಲಿ, ಹಳೆಯ ತಾಟಾಗಲಿ ಸಾಕು. ದಿನವೂ ತಿಕ್ಕಿ ತೊಳೆದು, ಬೇಸಿಗೆಯಲ್ಲಿ ಎರಡು-ಮೂರು ಸಲ ನೀರು ಬದಲಿಸಿರಿ. ನಮ್ಮ ಬಿಸಿಲಿಗೆ ಬೆಂದ ಊಟ ಬೇಗ ಹಳಸುತ್ತದೆ. ಅರ್ಧ ತಾಸಿನಲ್ಲಿ ತಿನ್ನದೆ ಬಿಟ್ಟುದನ್ನು ತೆಗೆದುಬಿಡಿರಿ.

ಕುರಿಯ ಹಸಿ ಬೋಟಿ ಮತ್ತು ಮನೆಯ ಮಕ್ಕಳು

ಈಗ ಮೊದಲು ಹೇಳಿದ ಎರಡನೆಯ ಉತ್ತರಕ್ಕೆ ಬರುತ್ತೇನೆ. ತಾವು ಇಂದು ಕೇಳಿದ ಬೇರೆ ಎಲ್ಲವನ್ನು ಮರೆತರೂ ಇದೊಂದನ್ನು ಮರೆಯಬಾರದು.

ಜಾತ್ರೆಯಲ್ಲಾಗಲಿ ಹಬ್ಬದಲ್ಲಾಗಲಿ ಕುರಿ ಕೊಯ್ದಾಗ, ಅದರ ಯಕೃತ್ತು, ಪುಪ್ಪುಸಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿಯ ಗುಳ್ಳೆಗಳು ಕಾಣುತ್ತವೆ. ‘ಇದು ಕೆಟ್ಟಿದೆ’ ಎಂದು ಕೊಯ್ದು ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗೆ ಒಂದು ಬಗೆಯ ಲಾಡಿಹುಳುವಿನ ಮರಿಗಳಿರುತ್ತವೆ. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅವು ಬೆಳೆಯುತ್ತವೆ. ಹುಳು ಅಕ್ಕಿಯ ಕಾಳಿಗಿಂತ ದೊಡ್ಡದಲ್ಲ. ನಾಯಿಗೆ ಅದರಿಂದ ಹೆಚ್ಚಿನ ತೊಂದರೆಯೂ ಕಾಣದು. ಆದರೆ ಸುಮಾರು ಆರು ವಾರಗಳಲ್ಲಿ ಅದರ ಮೊಟ್ಟೆಗಳು ನಾಯಿಯ ಮಲದಲ್ಲಿ ಹೊರಬೀಳತೊಡಗುತ್ತವೆ. ಆ ಮೊಟ್ಟೆಗಳು ಹುಲ್ಲಿನ ಮೇಲೆ ಬಿದ್ದರೆ ಕುರಿಯ ಹೊಟ್ಟೆ ಸೇರುತ್ತವೆ. ನಾಯಿಯ ಕೂದಲಿಗೆ ಅಂಟಿದರೆ ಅದನ್ನು ಮುದ್ದಾಡಿ ಕೈ ತೊಳೆಯದೆ ಉಣ್ಣುವ ಮಗುವಿನ ಹೊಟ್ಟೆ ಸೇರುತ್ತವೆ. ಕುರಿಯಲ್ಲಿ ಕಂಡಂತಹ ಗುಳ್ಳೆಯೇ ವರ್ಷಗಳ ಕಾಲ ಸದ್ದಿಲ್ಲದೆ ಮನುಷ್ಯನ ಯಕೃತ್ತಿನಲ್ಲೋ ಪುಪ್ಪುಸದಲ್ಲೋ ಬೆಳೆಯುತ್ತದೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯಿಲ್ಲದೆ ಬೇರೆ ದಾರಿಯಿರುವುದಿಲ್ಲ. ವೈದ್ಯರು ಇದಕ್ಕೆ ಹೈಡಾಟಿಡ್ ರೋಗವೆನ್ನುತ್ತಾರೆ.

ಈ ಸರಪಳಿಯನ್ನು ಕತ್ತರಿಸುವುದು ನಮ್ಮ ಕೈಯಲ್ಲಿಯೇ ಇದೆ. ಹಸಿ ಬೋಟಿ, ಹಸಿ ಕಲೀಜ, ಹಸಿ ಪುಪ್ಪುಸಗಳನ್ನು ನಾಯಿಗೆ ಎಂದೂ ಹಾಕಬೇಡಿರಿ. ಹಾಕಲೇಬೇಕಾದರೆ ಸಣ್ಣ ತುಂಡು ಮಾಡಿ ಅರ್ಧ ತಾಸಿಗೆ ಕಡಿಮೆಯಾಗದಂತೆ ಕುದಿಸಿರಿ. ಗುಳ್ಳೆಯಿರುವ ಭಾಗವನ್ನು ತಿಪ್ಪೆಗೆ ಎಸೆಯದೆ ಸುಟ್ಟುಬಿಡಿರಿ, ಇಲ್ಲವೆ ನಾಯಿ ಕೆದರಲಾಗದಷ್ಟು ಆಳವಾಗಿ ಹುಗಿಯಿರಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯಿದೆ. ಎಷ್ಟು ದಿನಗಳಿಗೊಮ್ಮೆ ಕೊಡಬೇಕೆಂಬುದನ್ನು ಪಶುವೈದ್ಯರನ್ನು ಕೇಳಿರಿ. ಕುರಿ ಹಿಂಡಿನ ಜೊತೆಗೆ ತಿರುಗುವ ನಾಯಿಗಳಿಗೆ ಇದು ಅತ್ಯವಶ್ಯ. ನಾಯಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಉಣ್ಣಕೂಡದೆಂದು ಮಕ್ಕಳಿಗೆ ರೂಢಿ ಮಾಡಿಸಿರಿ.

ಇದರ ಜೊತೆಗೆ ಇನ್ನೊಂದು ಮಾತು. ಎಷ್ಟು ಒಳ್ಳೆಯ ಊಟವೂ ಹುಚ್ಚುನಾಯಿ ರೋಗವನ್ನು ತಡೆಯಲಾರದು. ಮೂರು ತಿಂಗಳು ತುಂಬಿದ ಮರಿಗೆ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿರಿ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು 15 ನಿಮಿಷ ಸಾಬೂನು-ನೀರಿನಿಂದ ತೊಳೆದು, ಅರಿಷಿಣ ಸುಣ್ಣ ಹಚ್ಚದೆ, ಅಂದೇ ಆಸ್ಪತ್ರೆಗೆ ಹೋಗಿರಿ. ಗದಗಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದು ನಮ್ಮ ಭಾಗ್ಯ. ಸಂಶಯ ಬಂದಾಗ ಅಲ್ಲಿಯ ತಜ್ಞರನ್ನಾಗಲಿ, ಸಮೀಪದ ಪಶು ದವಾಖಾನೆಯವರನ್ನಾಗಲಿ ಕೇಳಲು ಸಂಕೋಚಪಡಬಾರದು.

ತಾಯಂದಿರಿಗೆ ವಿಶೇಷ ವಿನಂತಿ

ಈ ಕೆಲಸದ ಭಾರ ಕಡೆಗೆ ಬೀಳುವುದು ತಮ್ಮ ಮೇಲೆಯೇ ಎಂಬುದನ್ನು ಬಲ್ಲೆ. ಆದುದರಿಂದ ಹೊಸ ಹೊರೆ ಹೇರದೆ ಸುಲಭದ ದಾರಿಯನ್ನೇ ಹೇಳಿದ್ದೇನೆ. ಬೇಳೆ ಬೆಂದಿದೆ, ಒಗ್ಗರಣೆಯ ಸೌಟು ಇನ್ನೂ ಬಿಸಿಯಾಗಬೇಕಾಗಿದೆ. ಆ ಹೊತ್ತಿಗೆ ಒಂದು ಸೌಟು ಬೇಳೆ, ಒಂದಿಷ್ಟು ನುಚ್ಚು ಬದಿಗಿಡಿರಿ. ನುಚ್ಚು ಮಾಡದ ದಿನ ಅದರ ಬದಲು ಮುಕ್ಕಾಲು ರೊಟ್ಟಿಯನ್ನು ಮುರಿದು ಬೇಳೆಯ ಕಟ್ಟಿನಲ್ಲಿ ನೆನೆಯಿಟ್ಟರೂ ನಡೆಯುತ್ತದೆ. ಮಾಂಸದ ದಿನ ಖಾರ ಹಚ್ಚುವ ಮುಂಚೆ ನಾಲ್ಕು ತುಂಡು ಬೇರೆ ತೆಗೆದು ಬೇಯಿಸಿರಿ. ಇದರಲ್ಲಿ ಹೆಚ್ಚಿನ ಖರ್ಚೇನೂ ಇಲ್ಲ. ಮನೆಯ ಗಂಡಸರೂ ಹುಡುಗರೂ ಸಿಪ್ಪೆ ಕುಟ್ಟುವುದು, ತಾಟು ತೊಳೆಯುವುದು, ತೂಕ ನೋಡುವುದು ಇವನ್ನಾದರೂ ತಮ್ಮ ಪಾಲಿಗೆ ತೆಗೆದುಕೊಳ್ಳಲಿ.

ಮೂಕ ಪ್ರಾಣಿ ತನಗೆ ಹಾಕಿದುದನ್ನು ತಿನ್ನುತ್ತದೆ. ಇದು ಬೇಕು, ಇದು ಬೇಡ ಎನ್ನಲು ಅದಕ್ಕೆ ಬಾಯಿಲ್ಲ. ಅದರ ಪರವಾಗಿ ನಾವೇ ವಿಚಾರ ಮಾಡಬೇಕು. ನಾಳೆ ಬೆಳಿಗ್ಗೆ ಒಲೆ ಹೊತ್ತಿಸಿದಾಗ ನಾಯಿಯ ಪಾಲು ಮೊದಲೇ ಬದಿಗೆ ಬರಲಿ, ಹಸಿ ಬೋಟಿ ಊರ ನಾಯಿಗಳ ಬಾಯಿಗೆ ಬೀಳದಿರಲಿ ಎಂದು ಪ್ರಾರ್ಥಿಸುತ್ತೇನೆ.